ಕಾಕಾರ ಲಾರಿಯ ಸ್ಯಾಂಪಲ್

ದೀಪಾವಳಿಗೆ ಮೊದಲು ಹಳೆ ಕಪಾಟು ತೆಗೆಯಬಾರದು. ತೆಗೆಯಲೇಬೇಕಾದರೆ ಹೆಂಡತಿ ತವರಿಗೆ ಹೋದಾಗ ತೆಗೆಯಬೇಕು. ಮೊನ್ನೆ ನನಗೆ ಇಷ್ಟು ಬುದ್ಧಿ ಹೊಳೆಯಲಿಲ್ಲ. ಲ್ಯಾಬಿನ ಕೆಳಖಾನೆಯಲ್ಲಿ ಹಳೆ ಬಿಲ್ಲು, ಒಡೆದ ಥರ್ಮಾಮೀಟರು, ಔಷಧ ಕಂಪನಿಯವರು ಕೊಟ್ಟುಹೋದ ಕ್ಯಾಲೆಂಡರುಗಳ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಕೂತಿತ್ತು. ಮೂತ್ರ ತುಂಬಿ ತರಲು ಪೇಶಂಟುಗಳಿಗೆ ಕೊಡುತ್ತೇವಲ್ಲ, ಅದೇ ಬಿಳಿ ಮುಚ್ಚಳದ ಡಬ್ಬಿ. ಒಳಗೆ ಅರ್ಧದ ತನಕ ಕರ್ರಗಿನ, ಗಟ್ಟಿಯಾದ ದ್ರವ. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓಲಾಡಿಸಿ ನೋಡಿದಳು.

"ಇದ್ಯಾರದ್ರಿ? ಪುಣ್ಯಾತ್ಮ ಇನ್ನೂ ಅದಾನೋ, ಹೋಗ್ಯಾನೋ?"

"ಅದು ಮನಶ್ಯಾರದಲ್ಲ. ಈರಪ್ಪ ಕಾಕಾರ ಲಾರೀದು."

ಅವಳು ಡಬ್ಬಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತು ನಗಲಿಕ್ಕೆ ಶುರು ಮಾಡಿದಳು. ಅಲ್ಲಿಗೆ ಆ ದಿನದ ಸ್ವಚ್ಛತೆ ಮುಗಿಯಿತು. ಈಗ ನಿಮಗೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವಳು ಹೇಳುತ್ತಾಳೆ, ಅವಳು ಹೇಳುವಾಗ ನನ್ನ ಪಾತ್ರ ಇನ್ನೂ ಸಣ್ಣದಾಗುತ್ತದೆ.

ಮಿರಜದಲ್ಲಿ ನನ್ನದೊಂದು ರಕ್ತ-ಮೂತ್ರ ತಪಾಸಣೆಯ ಲ್ಯಾಬು. ನಾನು ಡಾಕ್ಟರಲ್ಲ. ಮೊದಮೊದಲು ಯಾರಾದರೂ ಡಾಕ್ಟರ್ ಸಾಹೇಬ್ರ ಎಂದರೆ ತಿದ್ದುತ್ತಿದ್ದೆ. ತಿದ್ದಿದಷ್ಟೂ ಜನರಿಗೆ ನನ್ನ ವಿನಯದ ಮೇಲೆ ಗೌರವ ಹೆಚ್ಚಿತೇ ಹೊರತು ಡಾಕ್ಟರಿಕೆ ಹೋಗಲಿಲ್ಲ. ಕೊನೆಗೆ ನಾನೂ ಬಿಟ್ಟುಬಿಟ್ಟೆ. ಮೇಲಾಗಿ ಈ ಊರೇ ಅಂಥದ್ದು. ಒಂದು ಬಿಟ್ಟು ಒಂದು ದವಾಖಾನೆಯ ಬೋರ್ಡು. ಸ್ಟೇಶನ್ನಿನಲ್ಲಿ ಇಳಿದವನ ಮುಖ ನೋಡಿಯೇ ರಿಕ್ಷಾದವರು ಇವನದು ಹೊಟ್ಟೆಯೋ ಎಲುಬೋ ಎಂದು ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ ಸಕ್ಕರೆ ಎಷ್ಟು ಎಂದು ಕೇಳಿದರೆ ಗಿರಾಕಿ ತನ್ನ ರಿಪೋರ್ಟಿನ ಅಂಕಿ ಹೇಳಿಬಿಡುತ್ತಾನೆ. ಸಾಂಗಲಿಯವರು ನಮ್ಮನ್ನು ಕಂಡರೆ ಸ್ವಲ್ಪ ದೂರ ನಿಲ್ಲುತ್ತಾರೆ. ಅವರು ಮಿರಜಕ್ಕೆ ಬರುವುದು ಏನಾದರೂ ಆದಾಗ ಮಾತ್ರ.

ನಮ್ಮ ಮನೆತನದ ವ್ಯಾಪಾರ ಸಾಂಗಲಿಯದು, ಅರಿಸಿನದ್ದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನಮ್ಮ ಅಪ್ಪ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿದರು. ಅವರ ತಮ್ಮ ಈರಪ್ಪ ಕಾಕಾರಿಗೆ ಮಾತ್ರ ಗಾದಿ ಒಗ್ಗಲಿಲ್ಲ. ಅರ್ಧ ತಾಸು ಕೂತರೆ ಕಾಲು ಜೋಮು ಹಿಡಿಯುತ್ತಿತ್ತು, ಗಿರಾಕಿ ಎರಡನೆಯ ಸಲ ದರ ಕೇಳಿದರೆ ತಲೆಯೂ. ಅಜ್ಜ ಬೇಸತ್ತು ಒಂದು ಲಾರಿ ಕೊಂಡು ಕೀಲಿಯನ್ನು ಅವರ ಕೈಗಿಟ್ಟರು. ಮ್ಹೈಸಾಳ, ಲಿಂಗನೂರು, ಕಸಬೆ ಡಿಗ್ರಜ ಎಂದು ಊರೂರು ತಿರುಗಿ ರೈತರ ಮನೆಯಿಂದ ಅರಿಸಿನದ ಚೀಲ ಹೇರಿಕೊಂಡು ಬರುವುದು ಅವರ ಕೆಲಸವಾಯಿತು. ಅಂದು ಹತ್ತಿದವರು ಇಂದಿಗೂ ಇಳಿದಿಲ್ಲ. ಎಂಜಿನ್ನು ಮುಂದಕ್ಕೆ ಚಾಚಿಕೊಂಡಿರುವ ಹಳೆಯ ಕಾಲದ ಗಾಡಿ ಅದು, ಮಕ್ಕಳೆಲ್ಲ ಮೂತಿಗಾಡಿ ಎನ್ನುತ್ತಿದ್ದೆವು. ಈಗ ಅದರ ಎಂಜಿನ್ನು ಬದಲಾಗಿದೆ, ಬಾಡಿ ಬದಲಾಗಿದೆ, ಮೊದಲಿನಿಂದ ಉಳಿದದ್ದು ಹಾರ್ನು ಮತ್ತು ಕಾಕಾ ಇಬ್ಬರೇ.

ಸಣ್ಣವನಿದ್ದಾಗ ಸೂಟಿಯಲ್ಲಿ ಆ ಗಾಡಿಯ ಮೇಲೆ ಚೀಲಗಳ ನಡುವೆ ಮಲಗಿ ಬರುವುದೇ ನನಗೆ ಸ್ವರ್ಗ. ಒಮ್ಮೆ ಲಿಂಗನೂರಿನಿಂದ ಹಾಗೆ ಬಂದವನು ಮೈ ತೊಳೆಯದೆ ಉಂಡು ಮಲಗಿಬಿಟ್ಟೆ. ಬೆಳಿಗ್ಗೆ ಅವ್ವ ನೋಡುತ್ತಾಳೆ, ಕೈ ಹಳದಿ, ಕಾಲು ಹಳದಿ, ಕಿವಿಯ ಹಿಂದೆ ಹಳದಿ, ಹಾಸಿಗೆಗೂ ಹಳದಿ. ಹುಡುಗನಿಗೆ ಕಾಮಾಲೆ ಆಯಿತೆಂದು ನನ್ನನ್ನು ಚಾದರದಲ್ಲಿ ಸುತ್ತಿ ಮಿರಜಕ್ಕೆ ಒಯ್ದರು. ಕಾಕಾರೇ ಗಾಡಿ ಹೊಡೆದರು, ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳುತ್ತ. ಮುದಿ ಡಾಕ್ಟರು ನನ್ನ ಕಣ್ಣು ತೆರೆದು ನೋಡಿದರು, ನಾಲಿಗೆ ನೋಡಿದರು, ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಮುಂಗೈ ಒರೆಸಿದರು. ಹತ್ತಿ ಹಳದಿಯಾಯಿತು, ಕೈ ಕಪ್ಪಾಯಿತು. "ಮಾಲ ಚಲೋ ಐತಿ, ಎಲ್ಲೀದು?" ಎಂದು ಅವರು ಕಾಕಾರನ್ನು ಕೇಳಿದರಂತೆ. ಮುಂದೆ ನಾನು ಈ ತಪಾಸಣೆಯ ಕೆಲಸಕ್ಕೆ ಬಿದ್ದದ್ದು ಆ ಹತ್ತಿಯ ಪ್ರಭಾವದಿಂದಲೇ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ನಿಜವೆಂದರೆ ನನಗೆ ಮೆಡಿಕಲ್ ಸೀಟು ಸಿಕ್ಕಿರಲಿಲ್ಲ.

ಇರಲಿ, ಲಾರಿಯ ಮಾತಿಗೆ ಬರೋಣ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಪೇಶಂಟುಗಳ ಸಾಲು. ಆ ಸಾಲಿನ ನಡುವೆ ಈರಪ್ಪ ಕಾಕಾ ಟೊಪ್ಪಿಗೆ ಹಾಕಿಕೊಂಡು, ಮುಚ್ಚಳದ ಡಬ್ಬಿ ಹಿಡಿದು, ಎಲ್ಲರಂತೆ ತಗ್ಗಿದ ಮುಖ ಮಾಡಿ ಕೂತಿದ್ದರು. ಡಬ್ಬಿಯನ್ನು ಎಲ್ಲಿಂದ ತಂದರೋ, ಯಾರನ್ನು ಕೇಳಿದರೋ. ಪಾಳಿ ಬಂದಾಗ ಮೇಜಿನ ಮೇಲೆ ಇಟ್ಟರು. ನಾನು ನೋಡಿ ಎದ್ದು ನಿಂತೆ.

"ಕಾಕಾ, ಇದು ನಿಮ್ಮದಾದ್ರ ನೀವು ಇಲ್ಲಿತನಕ ನಡಕೊಂಡ ಬರಬಾರದಿತ್ತು."

"ನಂದಲ್ಲೋ ಮಲ್ಲೂ. ಗಾಡೀದು. ಹಿಂದಿನ ಎಡಗಾಲಿ ಸೋರಾಕ ಹತ್ತೇತಿ. ಇಮಾಮ ಮಿಸ್ತ್ರಿ ಬ್ರೇಕ್ ಆಯಿಲ್ ಅಂತಾನ. ನಾ ಗ್ರೀಸ್ ಕರಗೇತಿ ಅಂತೇನಿ. ನೀ ಊರ ಮಂದೀದೆಲ್ಲಾ ನೋಡ್ತಿ, ನಮ್ಮದೊಂದ ನೋಡಿ ಹೇಳು."

ಹಿಂದೆ ಕೂತಿದ್ದ ಪೇಶಂಟೊಬ್ಬರು ಬಗ್ಗಿ ಡಬ್ಬಿ ನೋಡಿ, ತಮ್ಮದು ಎಷ್ಟೋ ಮೇಲು ಎಂಬ ಸಮಾಧಾನದಿಂದ ಕೂತರು. ನಾನು ಕಾಕಾರನ್ನು ಒಳಗೆ ಕರೆದು ಕೂಡಿಸಿದೆ. ಹೊರಗೆ ಗಟ್ಟಿಯಾಗಿ ಮಾತಾಡಿದವರ ದನಿ ಒಳಗೆ ಬಂದ ಮೇಲೆ ಇಳಿಯಿತು. ಅಂಗಡಿಯನ್ನು ಈಗ ನೋಡುವವನು ಅವರ ಮಗ ಬಸು. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಆಡುವಾಗ ಮರಾಠಿಗೆ ಹೊರಳುತ್ತಾನೆ. ಕೆಟ್ಟ ಹುಡುಗನಲ್ಲ, ಆದರೆ ಅವನಿಗೆ ಎಲ್ಲವೂ ಒಣಗಿರಬೇಕು. ಮನೆಯ ಮುಂದೆ ಆಗಷ್ಟೇ ಕೆಂಪು ಪೇವರ್ ಬ್ಲಾಕ್ ಹಾಕಿಸಿದ್ದ. ಅದರ ಮೇಲೆ ಲಾರಿ ದಿನಾ ಬೆಳಿಗ್ಗೆ ಕರಿ ಮಚ್ಚೆ ಇಡುತ್ತಿತ್ತು. ಗಾಡಿ ಓಡಲು ಯೋಗ್ಯವೆಂದು ಸರಕಾರ ಕೊಡುವ ವರ್ಷದ ಪಾಸಿಂಗ್ ಬೇರೆ ಹತ್ತಿರ ಬಂದಿತ್ತು. ಸೋರುವ ಗಾಲಿ ಒಯ್ದರೆ ಆರ್‌ಟಿಒ ಸಾಹೇಬರು ಗೇಟಿನಿಂದಲೇ ತಿರುಗಿಸಿ ಕಳಿಸುತ್ತಾರೆ. ಈ ಸಲ ಪಾಸಾಗದಿದ್ದರೆ ಗಾಡಿಯನ್ನು ಭಂಗಾರದವನಿಗೆ, ಅಂದರೆ ಹಳೆ ಕಬ್ಬಿಣದವನಿಗೆ ಕೊಟ್ಟು ಸಣ್ಣ ಟೆಂಪೋ ತರುವುದು, ಅದಕ್ಕೊಬ್ಬ ಡ್ರೈವರನನ್ನು ಇಡುವುದು ಎಂದು ಬಸು ತೀರ್ಮಾನಿಸಿದ್ದ.

"ಭಂಗಾರದಾವ ಬಂದು ನೋಡಿನೂ ಹೋದ" ಎಂದರು ಕಾಕಾ. "ಬಾಗಲಾ ಬಡದ ನೋಡಿದ, ಟೈರ್ ಒದ್ದ ನೋಡಿದ. ಗಾಡಿ ಹೋತಂದ್ರ ನನಗೇನ ಕೆಲಸೋ? ಬಸೂನ ಮಗ್ಗಲಾಗ ಗಾದಿ ಮ್ಯಾಲ ಕುಂದರಬೇಕು. ಅಂವ ನನಗ ಚಹಾ ತರಸ್ತಾನ, ಪೇಪರ್ ಕೊಡ್ತಾನ. ಬಂದವ್ರು ನಮಸ್ಕಾರ ಅಂತಾರ. ನನಗ ಅಂಜಿಕಿ ಬರತೈತಿ ಮಲ್ಲೂ."

ನಾನು ಕಾಕಾರ ಬಾಯಲ್ಲಿ ಅಂಜಿಕೆ ಎಂಬ ಮಾತು ಕೇಳಿದ್ದು ಅದೇ ಮೊದಲು. ಮುಂದಿನ ಪೇಶಂಟುಗಳನ್ನು ಹೊರಗೆ ಕಾಯಲು ಕೂಡಿಸಿ ಡಬ್ಬಿಯ ಮುಚ್ಚಳ ತೆಗೆದೆ.

ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಗೇರ್ ಆಯಿಲ್ ತೇಲುತ್ತದೆ. ಇಷ್ಟು ನನಗೆ ಗೊತ್ತಿತ್ತು. ಒಂದು ನಳಿಗೆಯಲ್ಲಿ ನೀರು ಹಾಕಿ ಎರಡು ಹನಿ ಬಿಟ್ಟೆ. ಹನಿಗಳು ಮೇಲೆ ತೇಲಿ ದುಂಡಗೆ ಕೂತವು. ಮೂಸಿ ನೋಡಿದೆ, ಕೊಳೆತ ಮೊಟ್ಟೆಯ ವಾಸನೆ. ಗ್ರೀಸಲ್ಲ, ಬ್ರೇಕಿನದಲ್ಲ. ಎರಡು ಹಿಂಗಾಲಿಗಳ ನಡುವೆ ದಪ್ಪ ಕಬ್ಬಿಣದ ಗುಂಡು ಇರುತ್ತದಲ್ಲ, ಮಿಸ್ತ್ರಿಗಳು ಹೌಸಿಂಗ್ ಎನ್ನುವುದು, ಅದರೊಳಗಿನ ಗೇರ್ ಆಯಿಲ್ಲು ಗಾಲಿಯ ಹಬ್ಬಿನ ತನಕ ಹರಿದು ಅಲ್ಲಿಯ ಆಯಿಲ್ ಸೀಲ್ ದಾಟಿ ಹೊರಬರುತ್ತಿತ್ತು. ಸೀಲ್ ಎಂದರೆ ಒಂದು ರಬ್ಬರಿನ ಬಳೆ, ಎಣ್ಣೆಯನ್ನು ಒಳಗೇ ತಡೆಯುವುದಷ್ಟೇ ಅದರ ಕೆಲಸ. ನಾನು ಬಹಳ ಗಂಭೀರವಾಗಿ ಹೇಳಿದೆ, ಕಾಕಾ ಅದಕ್ಕಿಂತ ಗಂಭೀರವಾಗಿ ಕೇಳಿದರು. ಬರೀ ಬಾಯಿಮಾತು ಮಿಸ್ತ್ರಿ ನಂಬುವುದಿಲ್ಲ ಎಂದು ನನ್ನ ಕೈಯಿಂದ ಲ್ಯಾಬಿನ ಕಾಗದದ ಮೇಲೆ ಬರೆಸಿ ಸಿಕ್ಕಾ ಹೊಡೆಸಿಕೊಂಡು ಹೋದರು. ಇಮಾಮ ಮಿಸ್ತ್ರಿ ಅದನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದನಂತೆ. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಿಸ್ತ್ರಿ ಹೊಸ ಸೀಲ್ ಹಾಕಿದ. ಒಂದು ವಾರಕ್ಕೆ ಕಾಕಾರ ಫೋನು. "ಮಲ್ಲೂ, ಮತ್ತ ಲೂಸ್ ಮೋಷನ್." ಮಿಸ್ತ್ರಿ ಬೇರಿಂಗ್ ಸವೆದಿದೆಯೆಂದು ಅದನ್ನೂ ಬದಲಿಸಿದ, ಸೀಲನ್ನೂ ಮತ್ತೊಮ್ಮೆ ಬದಲಿಸಿದ. ಮತ್ತೆ ಫೋನು. ಈ ಸಲ ಸೀಲ್ ಕೂಡುವ ಜಾಗದಲ್ಲೇ ಗೀರು ಬಿದ್ದಿದೆ ಎಂದು ಅದನ್ನು ಲೇಥಿಗೆ ಕೊಟ್ಟು ಸರಿ ಮಾಡಿಸಿದ. ಆಮೇಲೆ ಬಂದ ಫೋನಿನಲ್ಲಿ ಕಾಕಾರ ದನಿಯೇ ಸಣ್ಣದಾಗಿತ್ತು. ಎಡಗಾಲಿ ಸೋರುತ್ತಲೇ ಇತ್ತು, ಜೊತೆಗೆ ಬಲಗಾಲಿಯೂ ಶುರು ಮಾಡಿತ್ತು. ಸೋಮವಾರ ಪಾಸಿಂಗ್. ರವಿವಾರ ಸಂಜೆಯೊಳಗೆ ಗಾಲಿ ಒಣಗದಿದ್ದರೆ ಪಾಸಿಂಗಿಗೆ ಹೋಗುವುದೇ ಬೇಡ, ಭಂಗಾರದವನಿಗೆ ಫೋನ್ ಮಾಡುತ್ತೇನೆ ಎಂದಿದ್ದ ಬಸು.

ರವಿವಾರ ಬೆಳಿಗ್ಗೆ ನಾನು ಸ್ಪೆಶಲಿಸ್ಟನ ಠೀವಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಸಾಂಗಲಿಗೆ ಹೋದೆ. ಆಗಷ್ಟೇ ಓಡಿಸಿ ತಂದ ಗಾಡಿ ಜಾಕಿನ ಮೇಲೆ ನಿಂತಿತ್ತು. ಹಿಂಗಾಲಿ ಬಿಚ್ಚಿ ಒರಗಿಸಿ, ಇಮಾಮ ಮಿಸ್ತ್ರಿ ಡ್ರಮ್ಮಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಬಸು ಫೋನು ಕೈಯಲ್ಲೇ ಹಿಡಿದು ಅಡ್ಡಾಡುತ್ತಿದ್ದ. ಕಾಕು, ಅಂದರೆ ಕಾಕಾರ ಹೆಂಡತಿ, ಎಲ್ಲರಿಗೂ ಚಹಾ ತಂದಿಟ್ಟು ಕಟ್ಟೆಯ ಮೇಲೆ ಕೂತಿದ್ದರು. ಕಾಕಾ ಮಾತ್ರ ಗಾಡಿಯ ಮೂತಿಯ ಹತ್ತಿರ ಒಬ್ಬರೇ ನಿಂತಿದ್ದರು, ಆಪರೇಶನ್ ಥಿಯೇಟರಿನ ಹೊರಗೆ ನಿಲ್ಲುವವರ ಹಾಗೆ.

ನಾನು ಬಗ್ಗಿ ನೋಡಿದೆ. ಎಡ ಟೈರಿನ ಒಳಮೈ ಒದ್ದೆ, ಬಲ ಟೈರಿನ ಒಳಮೈ ಒದ್ದೆ. ಅದನ್ನು ಕಂಡಾಗ ನನಗೆ ಮಿರಜದ ಡಾಕ್ಟರುಗಳು ದಿನಾ ಆಡುವ ಮಾತು ನೆನಪಾಯಿತು.

"ಇಮಾಮಭಾಯಿ, ಒಂದ ಕಾಲ ಬಾತ್ರ ಕಾಲ ನೋಡಬೇಕು. ಎರಡೂ ಬಾತ್ರ ಕಾಲಿನ ತಪ್ಪಲ್ಲ. ಎದಿ ನೋಡಬೇಕು."

ಮಿಸ್ತ್ರಿ ಕೈ ಒರೆಸಿಕೊಂಡ. "ಇದರದು ಎದಿ ಎಲ್ಲೈತ್ರಿ ಸಾಹೇಬ್ರ?"

ನಾನು ನಡುವಿನ ಗುಂಡಿನತ್ತ ಬೆರಳು ತೋರಿಸಿದೆ. ಎಣ್ಣೆ ಜಾಸ್ತಿ ತುಂಬಿರಬೇಕು, ಅದಕ್ಕೇ ಎರಡೂ ಕಡೆ ಉಕ್ಕುತ್ತಿದೆ, ಸ್ವಲ್ಪ ಇಳಿಸಿಬಿಡು ಎಂದು ಔಷಧವನ್ನೂ ಹೇಳಿದೆ. ಮಿಸ್ತ್ರಿ ಪಾನಾ ಹಾಕಿ ಗುಂಡಿನ ಮಗ್ಗುಲಿನ ಬಿರಡೆ ಸಡಿಲಿಸಿದ. ನಾನು ಸರಿಯಾಗಿ ನೋಡಬೇಕೆಂದು ಮುಖ ಹತ್ತಿರ ಒಯ್ದೆ. ಒಳಗಿನಿಂದ ಬುಸ್ ಎಂದು ಗಾಳಿ ನುಗ್ಗಿತು, ಅದರ ಜೊತೆಗೆ ಎಣ್ಣೆ. ನನ್ನ ಬಿಳಿ ಅಂಗಿ ಕೊರಳಿನಿಂದ ಜೇಬಿನ ತನಕ ಕರ್ರಗಾಯಿತು. ಎಣ್ಣೆ ಜಾಸ್ತಿ ಇರಲಿಲ್ಲ. ಇರಬೇಕಾದದ್ದಕ್ಕಿಂತ ಕಮ್ಮಿಯೇ ಇತ್ತು.

ಮಿಸ್ತ್ರಿ ನನ್ನನ್ನು ನೋಡಲಿಲ್ಲ. ತನ್ನ ಹಣೆಗೆ ತಾನೇ ಬಡಿದುಕೊಂಡ.

"ಉಸಿರ ಕಟ್ಟೇತ್ರಿ ಇದಕ್ಕ. ಗಾಡಿ ಓಡಿ ಬಿಸಿ ಆತಂದ್ರ ಒಳಗಿನ ಗಾಳಿ ಹಿಗ್ಗತೈತಿ. ಅದು ಹೊರಗ ಹೋಗಾಕ ಹೌಸಿಂಗ್ ಮ್ಯಾಲ ಒಂದು ಸಣ್ಣ ಮೂಗ ಇರತೈತಿ. ಬ್ರೀದರ್ ಅಂತೇವಿ. ಅದು ಮುಚ್ಚಿದ್ರ ಗಾಳಿ ಎಲ್ಲಿ ಹೋಗಬೇಕು? ಎಣ್ಣಿ ನೂಕ್ಕೊಂಡ ಸೀಲಿನಾಗ ಹಾಯತೈತಿ. ನಾ ಹುಚ್ಚನಂಗ ಸೀಲ್ ಮ್ಯಾಲ ಸೀಲ್ ಹಾಕಾಕ ಹತ್ತೇನಿ."

ಬ್ಯಾಟರಿ ದೀಪ ಹಿಡಿದು ಅವನು ಗಾಡಿಯ ಬುಡಕ್ಕೆ ಸರಿದ. ಆಮೇಲೆ ಹಾಗೇ ಹಿಂದಕ್ಕೆ ಸರಿದು ಹೊರಗೆ ಬಂದು, ಎದ್ದು ನಿಂತು, ಕಾಲಿನ ಚಪ್ಪಲಿ ಬಿಚ್ಚಿ ದೂರ ಇಟ್ಟ.

"ಅಲ್ಲಿ ದೇವ್ರ ಅದಾನ್ರಿ" ಎಂದ.

ಯಾರಿಗೂ ಏನೂ ತಿಳಿಯಲಿಲ್ಲ. ನನ್ನ ಅಂಗಿ ಹೇಗೂ ಕೆಟ್ಟಿತ್ತು, ಬ್ಯಾಟರಿ ಇಸಿದುಕೊಂಡು ನಾನು ಒಳಗೆ ಸರಿದೆ. ಎಣ್ಣೆ, ಮಣ್ಣು, ಕಬ್ಬಿಣದ ನಡುವೆ ಆ ದಪ್ಪ ಗುಂಡಿನ ತಲೆಯ ಮೇಲೆ ಒಂದು ಸಣ್ಣ ದಿಬ್ಬ ಕಂಡಿತು. ಹಳದಿ, ಅದರ ಮೇಲೆ ವಿಭೂತಿಯ ಮೂರು ಪಟ್ಟಿ, ನಡುವೆ ಕುಂಕುಮ, ಮತ್ತೆ ಹಳದಿ, ಹೀಗೆ ಪದರ ಪದರವಾಗಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಮಗ್ಗುಲಲ್ಲಿ ಒಣಗಿದ ಬಿಲ್ವಪತ್ರೆ, ಊದಿನಕಡ್ಡಿಯ ಬೂದಿ. ಅರಿಸಿನದ ಪರಿಮಳ ಗೇರ್ ಆಯಿಲ್ಲಿನ ನಾತವನ್ನೂ ದಾಟಿ ಬರುತ್ತಿತ್ತು. ಕಡಿಮೆ ದರದ ಮಾಲಲ್ಲ, ಮನೆಗೆಂದು ತೆಗೆದಿಡುವ ಮಾಲು.

ನಾನು ಹೊರಗೆ ಬಂದು ಕಂಡದ್ದು ಹೇಳಿದೆ. ಎಲ್ಲರೂ ಕಾಕಾರತ್ತ ತಿರುಗಿದರು. ಕಾಕಾ ಬೇವಿನ ಮರ ನೋಡುತ್ತಿದ್ದರು.

"ಅಪ್ಪಾ, ಹೇ ಕಾಯ?" ಎಂದ ಬಸು. ಇದೇನು?

ಆಗ ಹೊರಬಿತ್ತು ನೋಡಿ. ಬಹಳ ಹಿಂದೆ ಮ್ಹೈಸಾಳದ ಕಾಲುವೆ ರಸ್ತೆಯಲ್ಲಿ ಚೀಲ ತುಂಬಿದ ಗಾಡಿಯ ಬ್ರೇಕು ಹೋಗಿ, ಅದು ಇಳಿಜಾರಿನಲ್ಲಿ ಜಾರಿ, ನೀರಿಗೆ ಮಾರುದೂರ ಇರುವಾಗ ತಾನಾಗಿ ನಿಂತಿತ್ತಂತೆ. ಏನು ತಡೆಯಿತೆಂದು ಕಾಕಾ ಬುಡದಲ್ಲಿ ಹೊಕ್ಕು ನೋಡಿದಾಗ ಈ ದುಂಡುತಲೆಯ ಬ್ರೀದರು ಪುಟ್ಟ ಲಿಂಗದ ಹಾಗೆ ಕಣ್ಣಿಗೆ ಬಿತ್ತು. ಇವನೇ ಕಾಯ್ದ ಎಂದು ಕೈ ಮುಗಿದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಊರೆಲ್ಲ ಗಾಡಿಯ ಮೂತಿಗೆ ಪೂಜೆ ಮಾಡಿದರೆ, ಇವರು ಯಾರೂ ಏಳುವ ಮೊದಲು ಬುಡಕ್ಕೂ ಹೋಗಿ ಒಂದು ಚಿಟಿಕೆ ವಿಭೂತಿ ಇಟ್ಟು ಬರುತ್ತಿದ್ದರು. ಚಿಟಿಕೆ ವಿಭೂತಿ ಓಡುವ ಗಾಡಿಯಲ್ಲಿ ಉದುರಿ ಹೋಗುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ.

"ಮತ್ತ ಈ ಅರಿಷಿಣಾ?" ಎಂದೆ.

"ಮೊದಲ ಎಡಗಾಲಿ ಸ್ವಲ್ಪ ಜಿನುಗಿತಲ್ಲ, ಆಗ ಸೋಮವಾರಕ್ಕೊಮ್ಮಿ ಸುರು ಮಾಡಿದೆ. ಬರೇ ವಿಭೂತಿಗೆ ಅಂವಾ ಒಪ್ಪವಲ್ಲ ಅನಿಸ್ತು. ಅರಿಷಿಣಾ ಔಡಲೆಣ್ಣ್ಯಾಗ ಕಲಿಸಿ ಹಚ್ಚಿದೆ. ಸೋರೂದು ಹೆಚ್ಚಾತು. ನನ್ನ ಭಕ್ತಿ ಸಾಲ್ದು ಅಂತ ತಿಳದು ದಿನಾ ಹಚ್ಚಾಕ ಹತ್ತಿದೆ."

ಮೊದಲು ಸೋರಿದ್ದು ಹಳೆಯ ಸೀಲಿನ ತಪ್ಪಿರಬೇಕು. ಆಮೇಲಿನದೆಲ್ಲ ಕಾಕಾರ ಪುಣ್ಯ. ಸೋರಿದಷ್ಟೂ ಹಚ್ಚಿದರು, ಹಚ್ಚಿದಷ್ಟೂ ಸೋರಿತು. ಇಮಾಮ ಮಿಸ್ತ್ರಿ ಹಗಲು ಗಾಲಿಗೆ ಸೀಲು ಹಾಕುತ್ತಿದ್ದ, ಇವರು ನಸುಕಿನಲ್ಲಿ ಮೂಗಿಗೆ ಹಾಕುತ್ತಿದ್ದರು.

ಕಟ್ಟೆಯ ಮೇಲಿಂದ ಕಾಕು ಎದ್ದರು. "ದಿನಾ ಅಂಗಿ ಬೆನ್ನಿಗೆ ಮಣ್ಣ್ಯಾಕ ಅಂದ್ರ ಗ್ವಾಡಿಗೆ ಒರಗಿದ್ದೆ ಅಂತಿದ್ರಿ. ಕೊರಳಾಗ ಲಿಂಗ ಐತಿ. ಮನ್ಯಾಗ ಪೂಜಿ ಮಾಡಾಕ ಮಣೀ ಐತಿ. ಇದನ್ನೆಲ್ಲಾ ಬಿಟ್ಟು ಗಾಡಿ ಬುಡಕ ಇನ್ನೊಬ್ಬನ್ನ ಹುಡುಕ್ಯಾರ. ಮಠದ ಅಜ್ಜಾರ ಕಿವಿಗೆ ಬಿದ್ರ ನಾ ಅಲ್ಲಿಗೆ ಹೆಂಗ ಹೋಗ್ಲಿ?"

ಬಸು ಮಿಸ್ತ್ರಿಗೆ ತೆಗೆದುಬಿಡು ಎಂದ. ಮಿಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. "ನಾ ಕೈ ಹಚ್ಚಂಗಿಲ್ರಿ. ನಾಳೆ ಏನರ ಆದ್ರ ನನ್ನ ಮ್ಯಾಲ ಬರತೈತಿ. ನಿಮ್ಮ ದೇವ್ರ, ನೀವ ತಗೀರಿ." ಬಸು ನನ್ನನ್ನು ನೋಡಿದ. ನನಗೆ ತಕ್ಷಣ ಸೊಂಟ ಹಿಡಿಯಿತು. ನಾನು ಬಸುವನ್ನು ನೋಡಿದೆ. ಕಂಪ್ಯೂಟರಿನಲ್ಲಿ ವ್ಯಾಪಾರ ಮಾಡುವ, ಅಮಾವಾಸ್ಯೆಯಲ್ಲೂ ಹೊಸ ಬೂಟು ಕೊಳ್ಳುವ ಬಸು ಜೇಬಿನಲ್ಲಿ ಕೈ ಇಟ್ಟುಕೊಂಡು, ನಾನೊಲ್ಲೆ ಎಂಬಂತೆ "ಮೀ ನಾಹೀ" ಎಂದ. ಒಂದು ಹಳೆ ಲಾರಿಯ ಸುತ್ತ ಐದು ಜನ ದೊಡ್ಡವರು ನಿಂತಿದ್ದೆವು, ಬೆರಳಿನಷ್ಟು ಅರಿಸಿನ ಕೆರೆಯುವವರು ಒಬ್ಬರೂ ಇರಲಿಲ್ಲ.

ಬಸು ಸಿಟ್ಟಿನಲ್ಲಿ, ಅಪರೂಪಕ್ಕೆ ಪೂರಾ ಕನ್ನಡದಲ್ಲಿ ಕೇಳಿದ. "ಇಷ್ಟ ದಿನಾ ಬುಡಕ ಹೋಗಿ ಹೋಗಿ ಬಂದೀರಿ. ನನ್ನ ಮುಂದ ಒಂದ ಮಾತ ಹೇಳಬಾರದಿತ್ತಾ?"

"ನಿನ್ನ ಮುಂದ ಹೇಳಿದ್ರ ನೀ ಭಂಗಾರದಾವಗ ಫೋನ್ ಮಾಡ್ತಿದ್ದಿ" ಎಂದರು ಕಾಕಾ. ಸಿಟ್ಟಿಲ್ಲದೆ ಅಂದರು. "ಮಿಸ್ತ್ರಿ ಮುಂದ ಹೇಳಿದ್ರ ಅಂವಾ ಗಾಲಿ ಬಿಚ್ಚತಾನ. ನಿಮ್ಮ ಅವ್ವನ ಮುಂದ ಹೇಳೂಹಂಗಿಲ್ಲ. ಅದಕ್ಕ ಅವನ ಮುಂದ ಹೇಳಕೋತ ಬಂದೆ. ಗಾಡಿ ಒಯ್ಯಬ್ಯಾಡಪ್ಪಾ, ನನಗ ಗಾದಿ ಮ್ಯಾಲ ಕುಂದರಾಕ ಆಗೂದಿಲ್ಲ ಅಂತ. ಒಂದ ದಿನಾನೂ ಹ್ಞೂಂ ಅನಲಿಲ್ಲ. ಹೆಂಗ ಅಂದಾನು? ಬಾಯಿಗೆ ನಾನ ಮೆತ್ತಿದ್ದೆ."

ಮಿಸ್ತ್ರಿ ಮೊದಲು ನಕ್ಕ, ಆಮೇಲೆ ನಾನು, ಕಾಕು ಸೆರಗು ಬಾಯಿಗೆ ಹಿಡಿದರು. ಬಸು ನಗಲಿಲ್ಲ. ಫೋನನ್ನು ಜೇಬಿಗೆ ಹಾಕಿ ಅಪ್ಪನ ಮುಖ ನೋಡುತ್ತ ನಿಂತ.

ಕಾಕಾ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟರು. ಗೋಣಿಚೀಲ ಹಾಸಿ ಅದರ ಮೇಲೆ ಅಂಗಾತ ಮಲಗಿ ಒಳಗೆ ಸರಿದರು. ಕಾಕು ಓಡಿಹೋಗಿ ಒಂದು ಹಿತ್ತಾಳೆಯ ತಾಟು ತಂದು ಗಾಡಿಯ ಬುಡಕ್ಕೆ ನೂಕಿದರು. "ಕೆರದದ್ದು ನೆಲಕ್ಕ ಚೆಲ್ಲಬ್ಯಾಡ್ರಿ. ತಾಟಿನ್ಯಾಗ ಹಾಕ್ರಿ, ಕೃಷ್ಣಾ ಹೊಳಿಗೆ ಬಿಡೂಣು. ಹೆಂಗಿದ್ರೂ ಇಷ್ಟ ದಿನಾ ಪೂಜಿ ಕಂಡಾನ." ಹೊರಗೆ ನಮಗೆ ಕಾಕಾರ ಎರಡು ಪಾದ ಮಾತ್ರ ಕಾಣುತ್ತಿದ್ದವು. ಒಳಗಿನಿಂದ ಕೆರೆಯುವ ಸದ್ದು, ನಡುನಡುವೆ ಏನೋ ಗೊಣಗುವುದು. ಮಂತ್ರವೋ ಕ್ಷಮೆಯೋ ಗೊತ್ತಾಗಲಿಲ್ಲ. ಕಡೆಗೆ ಪೆಟ್ರೋಲಿನ ಅರಿವೆ ಕೇಳಿದರು, ಒರೆಸಿದರು, ಬ್ರೀದರಿನ ಟೊಪ್ಪಿಗೆ ಸಲೀಸಾಗಿ ತಿರುಗುವುದನ್ನು ಮಿಸ್ತ್ರಿಗೆ ಕರೆದು ತೋರಿಸಿದರು.

ಮಿಸ್ತ್ರಿ ಎರಡೂ ಕಡೆ ಮತ್ತೆ ಹೊಸ ಸೀಲು ಹಾಕಿ, ಡ್ರಮ್ಮು ತೊಳೆದು ಒಣಗಿಸಿ, ಕಡಿಮೆ ಬಿದ್ದ ಎಣ್ಣೆ ತುಂಬಿ ಗಾಲಿ ಬಿಗಿದ. ಮಧ್ಯಾಹ್ನ ಇಳಿದ ಮೇಲೆ ಕಾಕಾ ಕಸಬೆ ಡಿಗ್ರಜದ ತನಕ ಒಂದು ಸುತ್ತು ಹೋಗಿಬರಲು ಹೊರಟರು. ಬಸು ಆ ಕಡೆಯ ಬಾಗಿಲು ತೆರೆದು ಅವರ ಮಗ್ಗುಲಲ್ಲಿ ಹತ್ತಿ ಕೂತ. ಬಂದಾಗ ಗಾಡಿ ಬಿಸಿಯಾಗಿತ್ತು. ಬಸು ಇಳಿದವನೇ ಪೇವರ್ ಬ್ಲಾಕಿನ ಮೇಲೆ ಮೊಣಕಾಲೂರಿ, ಎಡ ಟೈರಿನ ಒಳಮೈಗೆ ಬೆರಳು ಹಾಯಿಸಿ ನೋಡಿದ. ಒಣ. ಬಲಕ್ಕೆ ಹೋಗಿ ಹಾಯಿಸಿದ. ಒಣ. ನಂಬಿಕೆ ಬರದೆ ಬಿಳಿ ಕರ್ಚೀಫು ತೆಗೆದು ಒರೆಸಿ ನೋಡಿದ. ಮಣ್ಣು ಹತ್ತಿತು, ಎಣ್ಣೆ ಹತ್ತಲಿಲ್ಲ. ಅಲ್ಲೇ ಕೂತು ಭಂಗಾರದವನಿಗೆ ಫೋನ್ ಹಚ್ಚಿದ.

"ನಕೋ, ರಾಹೂ ದೇ" ಎಂದ. ಬೇಡ, ಇರಲಿ ಬಿಡು.

ಕಾಕಾ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದರು, ಇಳಿಯಲಿಲ್ಲ. ಕೆಳಗೆ ನಿಂತ ಬಸು ಮುಖವೆತ್ತಿ ಹೇಳಿದ. "ಗಾಡಿ ಇರ್ಲಿ ಅಪ್ಪಾ. ಆದ್ರ ಗಾಡಿ ಪಾಸಾದ ಮ್ಯಾಲ ಡ್ರೈವರೂ ಪಾಸಾಗಬೇಕು. ಮಲ್ಲಣ್ಣನ ಕಡೆ ಹೋಗಿ ರಕ್ತಾ ಕೊಡ್ರಿ. ಇಲ್ಲಾಂದ್ರ ಕೀಲಿ ನನ್ನ ಕಡೆ."

ಸೋಮವಾರ ಗಾಡಿಗೆ ಒಂದು ವರ್ಷದ ಪಾಸಿಂಗ್ ಸಿಕ್ಕಿತು. ಮಂಗಳವಾರ ಕಾಕಾ ಲ್ಯಾಬಿಗೆ ಬಂದರು. ನನ್ನ ಇಷ್ಟು ವರ್ಷದ ಲ್ಯಾಬಿನಲ್ಲಿ ಅವರು ಒಂದು ಹನಿ ರಕ್ತ ಕೊಟ್ಟವರಲ್ಲ. ಚಲೋ ಇದ್ದವನಿಗೆ ಯಾಕೆ ಎನ್ನುತ್ತಿದ್ದರು. ಅಂದು ಕುರ್ಚಿಯಲ್ಲಿ ಕೂತು ತೋಳು ಮೇಲೇರಿಸಿ ಮುಖ ಗೋಡೆಯ ಕಡೆಗೆ ತಿರುಗಿಸಿದರು. ಆ ತೋಳಿನ ಮೇಲೆ ನಾನು ತಲೆ ಇಟ್ಟು ಲಿಂಗನೂರಿನಿಂದ ನಿದ್ದೆ ಮಾಡುತ್ತ ಬಂದದ್ದಿದೆ. ನರ ಸಿಕ್ಕಿದ ಮೇಲೂ ನಾನು ಇನ್ನೆರಡು ಸಲ ಹತ್ತಿಯಿಂದ ಒರೆಸಿದೆ. ಊರಿಗೆಲ್ಲ ಚುಚ್ಚಿದ ಕೈ ನನ್ನದು.

ಮರುದಿನ ರಿಪೋರ್ಟು ಒಯ್ಯಲು ಬಂದರು. ಸಕ್ಕರೆ ಸ್ವಲ್ಪ ಜಾಸ್ತಿ, ಉಳಿದದ್ದೆಲ್ಲ ಅವರ ವಯಸ್ಸಿಗೆ ಚೆನ್ನಾಗಿಯೇ ಇತ್ತು. ನಾನು ಒಂದೊಂದೇ ಸಾಲು ಓದಿ ಹೇಳತೊಡಗಿದರೆ ಅವರು ಕೈ ಅಡ್ಡ ಹಿಡಿದರು.

"ಅದೆಲ್ಲಾ ಬ್ಯಾಡ. ಗಾಡಿಗೆ ಒಂದ ವರ್ಷ ಕೊಟ್ಟಾರ. ನನಗ ಎಷ್ಟ ಕೊಟ್ಟಿ?"

ಯಂತ್ರ ಹೇಳದ ಮಾತನ್ನು ನಾನು ಯಾವ ಪೇಶಂಟಿಗೂ ಹೇಳಿದವನಲ್ಲ. "ಎರಡು, ಕಾಕಾ" ಎಂದೆ.

ಕಾಕಾ ಕಾಗದವನ್ನು ನಾಲ್ಕಾಗಿ ಮಡಚಿ ಒಳಜೇಬಿನಲ್ಲಿಟ್ಟು ಟೊಪ್ಪಿಗೆ ಹಾಕಿಕೊಂಡರು. ಮೆಟ್ಟಿಲಿನ ತನಕ ಹೋದವರು ನಿಂತು, ಏನೋ ಲೆಕ್ಕ ಹಾಕಿ ಹಿಂತಿರುಗಿ ನೋಡಿದರು.

"ಹಂಗಾರ ಮುಂದಿನ ವರ್ಷಾನೂ ಗಾಡಿ ಇಟಗೋಬೇಕಾಗತೈತಿ. ಬಸೂಗ ನೀನ ಹೇಳು."